ಸೀಸದ ಬೆರಳಚ್ಚು

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಕೇಳಿದರೆ, ತಪ್ಪು ನಿನ್ನದಲ್ಲ, ನಿನ್ನ ಕೆಲಸದ್ದು ಎಂದು ನಮ್ಮ ಯಜಮಾನರು ಸಮಾಧಾನ ಹೇಳುತ್ತಾರೆ. ಇರಬಹುದು. ಕೆಸರು ಕೆದಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳು ಒಂದು ದಿನವನ್ನಾದರೂ ಗಂಭೀರವಾಗಿ ಕಳೆಯುವುದು ಕಷ್ಟವೇ.

ಅದು ಡಾಟ್ ಕಾಮ್ ಭರಾಟೆಯ ಕಾಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತಲಿನ ಕನ್ನಡಿಗರೆಲ್ಲ ಕಂಪ್ಯೂಟರಿನ ಮುಂದೆ ಕೂತಿದ್ದಾಗ ನಾನೊಬ್ಬಳು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಕೊಲ್ಲಿಯ ಅಂಚಿನ ಕೆಸರಿನಲ್ಲಿ ನಿಂತಿರುತ್ತಿದ್ದೆ. ಆ ಕೆಸರಿನಲ್ಲಿರುವ ಸೀಸ ಎಲ್ಲಿಂದ ಬಂತು, ಹಳೇ ಪೆಟ್ರೋಲಿನಿಂದಲೋ, ಗೋಡೆಗೆ ಬಳಿದ ಬಣ್ಣದಿಂದಲೋ, ಯಾವುದಾದರೂ ಕಾರ್ಖಾನೆಯಿಂದಲೋ ಎಂದು ಪತ್ತೆ ಮಾಡುವುದು ನನ್ನ ಕೆಲಸ. ಸಾರು ಎಲ್ಲರ ಮನೆಯಲ್ಲೂ ಸಾರೇ. ಆದರೆ ಒಂದು ತೊಟ್ಟು ನಾಲಗೆಗಿಟ್ಟರೆ ಇದು ಯಾರ ಮನೆಯದು ಎಂದು ಹೇಳಿಬಿಡಬಹುದು. ಸೀಸವೂ ಹಾಗೆಯೇ. ಅದರಲ್ಲಿ ಐಸೊಟೋಪುಗಳೆಂಬ ಹಗುರ, ಭಾರದ ಅಣ್ಣತಮ್ಮಂದಿರಿದ್ದಾರೆ. ಒಂದೊಂದು ಗಣಿಯ ಸೀಸದಲ್ಲಿ ಅವರ ಪಾಲು ಒಂದೊಂದು ಥರ. ಅದನ್ನು ಅಳೆದರೆ ಸೀಸದ ಬೆರಳಚ್ಚು ಸಿಕ್ಕಿದ ಹಾಗೆ.

ನಮ್ಮದು ಮೂರು ವರ್ಷದ ಯೋಜನೆ. ಆ ವರ್ಷದ ಡಿಸೆಂಬರಿನಲ್ಲಿ ಪರಿಶೀಲಕರು ಬರುವವರಿದ್ದರು. ಅವರು ಸರಿ ಎಂದರೆ ಇನ್ನೂ ಮೂರು ವರ್ಷ. ಬೇಡ ಎಂದರೆ ನನ್ನ ಕೆಲಸ ಹೋಯಿತು, ಕೆಲಸಕ್ಕೆ ಅಂಟಿಕೊಂಡ ವೀಸಾ ಹೋಯಿತು. ಗಂಡನ ವೀಸಾದ ಬಾಲ ಹಿಡಿದುಕೊಂಡು, ದುಡಿಯುವ ಹಕ್ಕಿಲ್ಲದೆ, ಅಪಾರ್ಟ್‌ಮೆಂಟಿನಲ್ಲಿ ಕೂರಬೇಕು. ಡಾಕ್ಟರೇಟು ಮಾಡಿ ಬರೀ ಒಗ್ಗರಣೆ ಹಾಕಿಕೊಂಡಿರುವುದು ನನಗೆ ಸುತರಾಂ ಇಷ್ಟವಿರಲಿಲ್ಲ. ಮುಂದೆ ಹೇಳುವುದೆಲ್ಲ ಹೆಚ್ಚುಕಮ್ಮಿ ಆ ಒಂದೇ ವರ್ಷದಲ್ಲಿ ನಡೆದದ್ದು.

ಯಾವ ಕಂಪನಿ?

ಪಾಲೋ ಆಲ್ಟೋದ ಒಂದು ಮನೆಯಲ್ಲಿ ಕನ್ನಡಿಗರ ಊಟದ ಕೂಟ. ಹೊಸಬರು ಸಿಕ್ಕರೆ ಹೆಸರಿಗಿಂತ ಮೊದಲು ಕೇಳುತ್ತಿದ್ದ ಪ್ರಶ್ನೆ, "ಯಾವ ಕಂಪನಿ?" ನಮ್ಮ ಯಜಮಾನರು ಮುಜುಗರ ತಪ್ಪಿಸಿಕೊಳ್ಳಲು ನನ್ನನ್ನು "ಡೇಟಾ ಸೈಡಲ್ಲಿದಾಳೆ" ಎಂದು ಪರಿಚಯ ಮಾಡಿಸುತ್ತಿದ್ದರು. ಆವತ್ತು ಅವರು ಬಿಸಿಬೇಳೆಬಾತಿನ ಸಾಲಿನಲ್ಲಿದ್ದರು. ಹಾಗಾಗಿ ನಾನೇ ಬಾಯಿಬಿಟ್ಟೆ.

"ಐಸೊಟೋಪ್ ಮೇಲೆ ಕೆಲಸ ಮಾಡ್ತೀನಿ."

ಪಕ್ಕದಲ್ಲಿ ಮಗುವಿಗೆ ಊಟ ಮಾಡಿಸುತ್ತಿದ್ದ ತಾಯಿ ಮಗುವನ್ನು ಎತ್ತಿಕೊಂಡು ಆ ಕಡೆಯ ಸೋಫಾಕ್ಕೆ ಹೋದಳು. ಅಲ್ಲಿಂದಲೇ ನಗುತ್ತಾ, "ತಪ್ಪು ತಿಳ್ಕೋಬೇಡಿ, ಇವನಿಗೆ ಇನ್ನೂ ಒಂದು ವರ್ಷ" ಎಂದಳು. ಇದು ವಿಕಿರಣ ಸೂಸುವ ಥರದ್ದಲ್ಲ, ಬರೀ ಕೆಸರಿನಲ್ಲಿರುವ ಸೀಸ ಎಂದೆ. ಆಕೆ ಇನ್ನೊಂದು ಕುರ್ಚಿಯಷ್ಟು ದೂರ ಹೋದಳು.

ಒಬ್ಬ ಮಾತ್ರ ತಟ್ಟೆ ಹಿಡಿದುಕೊಂಡು ಹತ್ತಿರ ಬಂದ. ಎರಡು ತಿಂಗಳ ಹಿಂದೆ ಕೆಲಸ ಬಿಟ್ಟು ಸ್ವಂತ ಕಂಪನಿ ತೆರೆದಿದ್ದವನು. ಏನು ಕಂಪನಿ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ.

"ಮೇಡಂ, ಕೆಸರಿಗೆ ವೆಬ್‌ಸೈಟು ಇದೆಯಾ?"

"ಕೆಸರಿಗೆ ಯಾಕಪ್ಪಾ ವೆಬ್‌ಸೈಟು?"

"ಅದನ್ನ ಆಮೇಲೆ ಯೋಚನೆ ಮಾಡಬಹುದು. ಮೊದಲು ಹೆಸರು ಹಿಡೀಬೇಕು."

ಸೋಮವಾರ ಲ್ಯಾಬಿಗೆ ಫೋನು ಬಂತು. ದನಿಯಲ್ಲಿ ಸೂತಕದ ಮನೆಯ ದುಃಖ. "ಮೇಡಂ, ನಾವು ತಡ ಮಾಡಿಬಿಟ್ವಿ. ಕೆಸರು ಡಾಟ್ ಕಾಮ್ ಯಾರೋ ಆಗಲೇ ತಗೊಂಡುಬಿಟ್ಟಿದಾರೆ."

ಕೊಲ್ಲಿಯ ಗಣಪತಿ

ಗೌರಿಹಬ್ಬಕ್ಕೆ ಮೂರು ದಿನವಿತ್ತು. ಫಾಸ್ಟರ್ ಸಿಟಿಯ ಬಳಿ ನೀರು ಇಳಿದಿದ್ದ ಹೊತ್ತು ನೋಡಿಕೊಂಡು ಕೆಸರು ತುಂಬಿಕೊಳ್ಳುತ್ತಿದ್ದೆ. ಬಾಟಲಿಗಳನ್ನು ವಾರಗಟ್ಟಲೆ ಆ್ಯಸಿಡ್ಡಿನಲ್ಲಿ ತೊಳೆದು, ಒಂದರ ಮೇಲೊಂದು ಪ್ಲಾಸ್ಟಿಕ್ ಚೀಲ ಸುತ್ತಿ ತಂದಿರುತ್ತೇವೆ. ಕೈಗೆ ಎರಡು ಜೊತೆ ಗ್ಲೌಸು. ಹೀಗಿರುವಾಗ ಮೇಲಿನ ಕಾಲುದಾರಿಯಿಂದ ಅಚ್ಚ ಹಾಸನದ ಕನ್ನಡ ಕೇಳಿಸಿತು.

"ಏನವ್ವಾ, ಗಣಪತಿಗಾ ಮಣ್ಣು?"

ತಲೆಯೆತ್ತಿದೆ. ಮಂಕಿಟೋಪಿ, ಸ್ವೆಟರು, ಬಿಳಿ ಬೂಟು. ಮಗನ ಮನೆಗೆ ಆರು ತಿಂಗಳಿಗೆಂದು ಬಂದ ಹಿರಿಯರು. ಕೆಸರಿನಲ್ಲಿ ನಿಂತ ಹೆಂಗಸು ಕನ್ನಡದವಳೇ ಎಂದು ಹೇಗೆ ಗೊತ್ತಾಯಿತೋ! ಹಬ್ಬದ ಹಿಂದಿನ ವಾರ ಇಷ್ಟು ಭಕ್ತಿಯಿಂದ ಮಣ್ಣು ತುಂಬುವವರು ಬೇರೆ ಯಾರಿದ್ದಾರು ಎಂದುಕೊಂಡಿರಬೇಕು.

"ಅಲ್ಲ ಅಂಕಲ್, ಇದು ಸಂಶೋಧನೆಗೆ."

"ನನ್ ಮಗ ಪ್ಲಾಸ್ಟಿಕ್ ಗಣಪತಿ ತಂದವ್ನೆ. ಅದುಕ್ಕೆ ನೈವೇದ್ಯ ಇಟ್ರೆ ನಂಗೇ ನಗು ಬತ್ತದೆ." ಹೀಗೆನ್ನುತ್ತಲೇ ಕೆಳಗಿಳಿದು ಬಂದು ಗ್ರೋಸರಿ ಚೀಲಕ್ಕೆ ಎರಡೂ ಕೈಯಿಂದ ಕೆಸರು ತುಂಬತೊಡಗಿದರು.

"ಅಂಕಲ್, ಅದರಲ್ಲಿ ಸೀಸ ಇದೆ!"

"ಇರ್ಲಿ ಬುಡವ್ವಾ, ಒಸಿ ತೂಕ ಬತ್ತದೆ. ಗಣಪತಿ ಅಲ್ಲಾಡ್ದೆ ಕೂತ್ಕತಾನೆ."

ಹಬ್ಬದ ದಿನ ಅವರ ಮನೆಗೆ ಕರೆ ಬಂತು. ಹೋಗಿ ನೋಡಿದರೆ, ಕಪ್ಪಗೆ, ಠೀವಿಯಿಂದ ಕೂತಿದ್ದಾನೆ ಗಣಪತಿ; ತುಸು ಸಮುದ್ರದ ವಾಸನೆ. ಬಂದವರಿಗೆಲ್ಲ ಹಿರಿಯರು ನನ್ನನ್ನು ತೋರಿಸಿ, "ಸೈಂಟಿಸ್ಟ್ ಆರಿಸ್ಕೊಟ್ಟ ಮಣ್ಣು" ಎನ್ನುತ್ತಿದ್ದರು. ಮೊಮ್ಮಗಳು ಇಂಗ್ಲಿಷಿನಲ್ಲಿ, "ಅಜ್ಜಾ, ಇದು ವಿಷವಾ?" ಎಂದು ಕೇಳಿದ್ದಕ್ಕೆ, "ದೇವ್ರಿಗೆ ಏನೂ ಆಗಾಕಿಲ್ಲ, ನೀನು ಮುಟ್ಬೇಡ" ಎಂದರು. ವೈಜ್ಞಾನಿಕವಾಗಿ ಅದು ಸರಿಯಾದ ಸಲಹೆಯೇ.

ಭಾನುವಾರ ವಿಸರ್ಜನೆ. ಮಣ್ಣು ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕೆಂದು ಹಿರಿಯರ ಹಟ. ದಂಡೆಯಲ್ಲಿ ಆರತಿ ಎತ್ತುವಷ್ಟರಲ್ಲಿ ಕಾವಲಿನ ಅಧಿಕಾರಿ ಬಂದ. ನೀರಿಗೆ ಏನು ಹಾಕುತ್ತಿದ್ದೀರಿ ಎಂದು ಕೇಳಿದ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಮುಂದೆ ಉಳಿದವಳು ನಾನು.

ಲ್ಯಾಬಿನ ಗುರುತಿನ ಚೀಟಿ ತೋರಿಸಿ, ಇದು ಇಲ್ಲಿಂದಲೇ ತೆಗೆದುಕೊಂಡ ಮಣ್ಣು, ವಾಪಸ್ ಇಡುತ್ತಿದ್ದೇವೆ ಎಂದೆ. ಒಂದಕ್ಷರವೂ ಸುಳ್ಳಲ್ಲ. ಆತ ಗಣಪತಿಯನ್ನು ಒಂದು ಸುತ್ತು ಹಾಕಿ ನೋಡಿದ. "ಸಂಶೋಧನೆ ಸರಿ. ಆನೆ ಯಾಕೆ?"

ಹಿರಿಯರು ಹಿಂದಿನಿಂದ, "ಹೇಳವ್ವಾ ಅವನಿಗೆ, ಕೆಲಸಕ್ಕೆ ಯಾವ ವಿಘ್ನನೂ ಬರ್ಬಾರ್ದು ಅಂತ" ಎಂದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಸುರಕ್ಷತಾ ಕ್ರಮ."

ಆತ ತೃಪ್ತಿಯಿಂದ ತಲೆಯಾಡಿಸಿ ಹೊರಟುಹೋದ.

ಕೂದಲು ಹೇಳಿದ ಚಾಡಿ

ನಮ್ಮ ಪಕ್ಕದ ಕೋಣೆಗೆ ಇಂಗಾಲದ ಐಸೊಟೋಪು ಅಳೆಯುವ ಹೊಸ ಯಂತ್ರ ಬಂತು. ಅದನ್ನು ಪರೀಕ್ಷಿಸಲು ಲ್ಯಾಬಿನವರೆಲ್ಲ ಒಂದೊಂದು ಕೂದಲು ಕೊಟ್ಟೆವು. ಅಮೆರಿಕದಲ್ಲಿ ದನ, ಕೋಳಿ ತಿನ್ನುವುದು ಮೆಕ್ಕೆಜೋಳ. ಕೋಲಾದ ಸಿಹಿಯೂ ಮೆಕ್ಕೆಜೋಳದ್ದೇ. ಮೆಕ್ಕೆಜೋಳದ ಇಂಗಾಲದ ಗುರುತು ಅಕ್ಕಿ, ಗೋಧಿಯ ಹಾಗಿರುವುದಿಲ್ಲ, ಮತ್ತು ತಿಂದದ್ದರ ಗುರುತು ಕೂದಲಿನಲ್ಲಿ ಉಳಿಯುತ್ತದೆ. ಬರ್ಗರು, ಕೋಲಾ ಭಕ್ತರೆಲ್ಲ ನಕ್ಷೆಯಲ್ಲಿ ಒಂದು ಮೂಲೆಗೆ ಬರುತ್ತಾರೆ, ನನ್ನಂಥ ಸಸ್ಯಾಹಾರಿ ಇನ್ನೊಂದು ಮೂಲೆಗೆ. ಹಾಗೆಂದು ನಾನೇ ಎಲ್ಲರಿಗೂ ಉಪನ್ಯಾಸ ಕೊಟ್ಟಿದ್ದೆ.

ನಕ್ಷೆ ಗೋಡೆಗೆ ಬಂತು. ಬರ್ಗರ್ ಮೂಲೆಯ ತುತ್ತತುದಿಯಲ್ಲಿ ನನ್ನ ಚುಕ್ಕಿ.

ಲ್ಯಾಬಿನ ಶುಚಿತ್ವ ನೋಡಿಕೊಳ್ಳುವ ಹಿರಿಯ ಹೆಂಗಸೊಬ್ಬಳಿದ್ದಳು. ಅವಳ ಅಪ್ಪಣೆಯಿಲ್ಲದೆ ಯಾರೂ ಏನನ್ನೂ ಮುಟ್ಟುವಂತಿಲ್ಲ. ಅದಕ್ಕೇ ಮನೆಯಲ್ಲಿ ಅವಳಿಗೆ ನಾನಿಟ್ಟ ಹೆಸರು ಮಡಿಯಮ್ಮ. ಎರಡೂವರೆ ವರ್ಷದಿಂದ ಪ್ರತಿ ಪಾರ್ಟಿಗೂ ನನಗಾಗಿ ಬೇರೆ ತಟ್ಟೆ, ಬೇರೆ ಚಾಕು, ಮಾಂಸ ತಾಗದ ಸ್ಯಾಂಡ್‌ವಿಚ್ಚು ಇಡುತ್ತಿದ್ದವಳು ಅವಳು. ನಕ್ಷೆ ನೋಡಿದಳು, ನನ್ನನ್ನು ನೋಡಿದಳು, ಹೊರಟುಹೋದಳು. ಪ್ರೊಫೆಸರು, ಅಂದರೆ ನಮ್ಮ ಯೋಜನೆಯ ಮುಖ್ಯಸ್ಥರು, ನನ್ನ ಭುಜ ತಟ್ಟಿ, "ಪರವಾಗಿಲ್ಲ, ಎಲ್ಲರಿಗೂ ಒಂದೊಂದು ದುರ್ಬಲ ಗಳಿಗೆ ಇರುತ್ತದೆ" ಎಂದರು.

ನನಗೆ ಅಳುವೇ ಬಂತು. ಮನೆಗೆ ಬಂದು ಹೇಳಿಕೊಂಡರೆ, ಮಂಡ್ಯದಿಂದ ಬಂದಿದ್ದ ನಮ್ಮತ್ತೆ ಕೋಲಿನಿಂದ ಹಿಟ್ಟು ತಿರುವುತ್ತಾ, "ಊಟ ಮಾಡು, ಬಿಸಿ ಆರೋಯ್ತದೆ" ಎಂದು ತಟ್ಟೆಗೆ ಮುದ್ದೆ ಹಾಕಿದರು. ಆಗ ಹೊಳೆಯಿತು. ರಾಗಿ! ಇಂಗಾಲದ ವಿಷಯದಲ್ಲಿ ರಾಗಿ ಮೆಕ್ಕೆಜೋಳದ ದಾಯಾದಿ. ಅತ್ತೆ ಬಂದ ಐದು ತಿಂಗಳಿಂದ ನಮ್ಮ ಮನೆಯಲ್ಲಿ ದಿನಾ ಎರಡು ಹೊತ್ತೂ ಮುದ್ದೆ.

ಮರುದಿನ ಡಬ್ಬಿಯಲ್ಲಿ ಮುದ್ದೆ, ಸೊಪ್ಪಿನ ಸಾರು ತೆಗೆದುಕೊಂಡು ಹೋದೆ. ಚೂರು ಯಂತ್ರಕ್ಕೆ, ಉಳಿದದ್ದು ಪ್ರೊಫೆಸರಿಗೆ. ಅಗಿಯಬೇಡಿ, ನುಂಗಿ ಎಂದು ಹೇಳುವಷ್ಟರಲ್ಲಿ ಅಗಿದುಬಿಟ್ಟರು. ಮುಂದಿನ ಕಾಲು ಗಂಟೆ ಅವರಿಗೆ ಬಾಯಿ ತೆರೆಯಲಾಗಲಿಲ್ಲ. ಯಂತ್ರ ಮಾತ್ರ ನನ್ನ ಪರವಾಗಿ ಸಾಕ್ಷಿ ಹೇಳಿತು. ಮಡಿಯಮ್ಮ ಬಂದು ಅಪ್ಪಿಕೊಂಡಳು.

ಸಂಜೆ ಅತ್ತೆಗೆ ಎಲ್ಲವನ್ನೂ ವಿವರಿಸಿದೆ: ರಾಗಿ ತಿನ್ನುವ ನಮ್ಮ ಕೂದಲೂ ಅಮೆರಿಕದವರ ಕೂದಲೂ ಯಂತ್ರದಲ್ಲಿ ಒಂದೇ ಥರ ಕಾಣುತ್ತವೆ ಎಂದೆ. ಅತ್ತೆ ತೀರ್ಪು ಕೊಟ್ಟರು.

"ಹಂಗಾರೆ ಇವ್ರೂ ಬಾಗ್ಲು ಹಾಕ್ಕಂಡು ಮುದ್ದೆನೇ ತಿಂತಾವ್ರೆ ಅನ್ನು!"

ಕುಂಕುಮ

ನಗುವುದೆಲ್ಲ ಅಕ್ಟೋಬರಿಗೆ ಮುಗಿಯಿತು. ಪರಿಶೀಲಕರು ಬರಲು ಎರಡು ತಿಂಗಳಿರುವಾಗ ನಮ್ಮ ಖಾಲಿ ಬಾಟಲಿ ಕೆಟ್ಟಿತು.

ಇದನ್ನು ಸ್ವಲ್ಪ ಹೇಳಬೇಕು. ಪ್ರತಿ ಸಲ ಕೆಸರಿನ ಜೊತೆಗೆ ಏನೂ ಇಲ್ಲದ ಒಂದು ಬಾಟಲಿಯನ್ನೂ ಅದೇ ಆ್ಯಸಿಡ್ಡು, ಅದೇ ನೀರು, ಅದೇ ಶಾಸ್ತ್ರಕ್ಕೆ ಒಳಪಡಿಸುತ್ತೇವೆ. ಅದರಲ್ಲಿ ಸೀಸ ಕಾಣಿಸಬಾರದು. ಕಾಣಿಸಿದರೆ ನಮ್ಮ ಲ್ಯಾಬೇ ಹೊಲಸು ಎಂದರ್ಥ. ಮೂರು ವರ್ಷದ ಅಳತೆಗಳನ್ನು ಯಾರೂ ನಂಬುವುದಿಲ್ಲ. ಈ ಕೆಲಸ ಮಾಡುವ ಕೋಣೆಗೆ ಹೋಗಲು ಬಿಳಿ ನಿಲುವಂಗಿ, ಟೋಪಿ, ಬೇರೆ ಚಪ್ಪಲಿ. ಬಳೆ, ಉಂಗುರ ತೆಗೆಯಬೇಕು. ಮೊದಲ ದಿನ ಪ್ರೊಫೆಸರು ಮಾಂಗಲ್ಯವನ್ನೂ ತೆಗೆಸಿ ಬಾಗಿಲ ಹೊರಗಿನ ಡಬ್ಬಿಯಲ್ಲಿ ಇಡಿಸಿದ್ದರು. ನಮ್ಮತ್ತೆಗೆ ಆ ವಿಷಯ ಇವತ್ತಿಗೂ ಗೊತ್ತಿಲ್ಲ.

ಇಷ್ಟು ಮಡಿಯ ನಡುವೆ ಸೀಸ ಬಂತು. ವಿಚಿತ್ರವೆಂದರೆ ಸಾಮಾನ್ಯ ದಿನಗಳಲ್ಲಿ ಎಲ್ಲ ಸರಿ. ಮುಖ್ಯವಾದ ಅಳತೆಯ ದಿನವೇ ಕೆಡುತ್ತಿತ್ತು. ಪ್ರೊಫೆಸರು ಸ್ವತಃ ಪಕ್ಕದಲ್ಲಿ ನಿಂತು ಮಾಡಿಸಿದರೂ ಕೆಡುತ್ತಿತ್ತು.

ಕಾರಣ ನನಗೆ ಗೊತ್ತಿತ್ತು. ಆಯುಧಪೂಜೆಯ ದಿನ ಅತ್ತೆ ಕಾರಿಗೆ, ವ್ಯಾಕ್ಯೂಮ್ ಕ್ಲೀನರಿಗೆ, ಮಗನ ಲ್ಯಾಪ್‌ಟಾಪಿಗೆ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು, ಒಂದು ಪೊಟ್ಟಣ ನನ್ನ ಕೈಗೆ ತುರುಕಿದ್ದರು. "ನಿನ್ ಮಿಶನ್ನೂ ಆಯುಧನೇ ಅಲ್ವೇ? ಅನ್ನ ಕೊಡದು ಅದೇ ತಾನೆ." ಕೆಲಸ ಉಳಿಯಬೇಕೆಂಬ ಆಸೆ ಯಾರಿಗಿಲ್ಲ? ಯಾರೂ ಇಲ್ಲದಾಗ ಯಂತ್ರದ ಹಿಂಬದಿಗೆ ಸಾಸಿವೆಯಷ್ಟು ಕುಂಕುಮ ಇಟ್ಟು ಕೈಮುಗಿದಿದ್ದೆ. ಅಂಗಡಿಯ ಕೆಲವು ಕುಂಕುಮಗಳಲ್ಲಿ ಸೀಸ ಬೆರೆಸುತ್ತಾರೆ ಎಂಬುದು ಜಗತ್ತಿನಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು.

ನಾಲ್ಕು ವಾರ ನಿದ್ದೆಯಿಲ್ಲ. ಕೊನೆಗೆ ಪ್ರೊಫೆಸರ ಕೋಣೆಗೆ ಹೋಗಿ, ಬಾಗಿಲು ಹಾಕಿ, ಎಲ್ಲ ಹೇಳಿದೆ. ನನ್ನನ್ನು ತೆಗೆದುಹಾಕಿ, ಯೋಜನೆ ಉಳಿಸಿಕೊಳ್ಳಿ ಎಂದೂ ಸೇರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಪೊಟ್ಟಣ ಇದೆಯಾ?"

"ಇದೆ."

"ತಗೊಂಡು ಬಾ. ಅಳೆಯೋಣ. ಈ ವಿಷಯ ಈ ಕೋಣೆಯಲ್ಲೇ ಇರಲಿ."

ಅಳೆದೆವು. ಕುಂಕುಮದಲ್ಲಿ ಹೇಳಿಕೊಳ್ಳುವಷ್ಟು ಸೀಸವೇ ಇಲ್ಲ! ಇದ್ದ ಎಳ್ಳಷ್ಟರ ಬೆರಳಚ್ಚೂ ಬಾಟಲಿಯ ಸೀಸಕ್ಕೆ ಹೊಂದಲಿಲ್ಲ. ಮನೆಗೆ ಬಂದು ಅತ್ತೆಯನ್ನು ವಿಚಾರಿಸಿದರೆ ಸಿಡಿದೆದ್ದರು. "ಅರಿಶಿನಕ್ಕೆ ಸುಣ್ಣ, ನಿಂಬೆರಸ ಹಾಕಿ ನಾನೇ ಕೈಯಾರೆ ಮಾಡಿದ್ದು. ಅದ್ರಲ್ಲಿ ಕಲಬೆರಕೆ ಹುಡುಕಾಕೆ ಮಿಶನ್ನಿಗೆ ಹಾಕ್ದೆಯಾ?" ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನನಗೆ ಬೈಸಿಕೊಂಡೂ ಸಂತೋಷವಾಗಿತ್ತು.

ಹಾಗಾದರೆ ಯಾರು? ಕೊಳಾಯಿ, ಗೋಡೆಯ ಬಣ್ಣ, ಬಾಗಿಲಿನ ಧೂಳು ಯಾವುದೂ ಹೊಂದಲಿಲ್ಲ. ಕೊನೆಗೆ ಮಡಿಯಮ್ಮ ಸೊಂಟಕ್ಕೆ ಕೈಯಿಟ್ಟು, ಎಲ್ಲರೂ ಜೇಬು ಖಾಲಿ ಮಾಡಿ ಎಂದು ಆಜ್ಞೆ ಹೊರಡಿಸಿದಳು. ಪ್ರೊಫೆಸರು ಒಳ್ಳೇದು ಒಳ್ಳೇದು ಎನ್ನುತ್ತಾ ಜಾರಿಕೊಳ್ಳುತ್ತಿದ್ದರು. "ಎಲ್ಲರೂ ಅಂದರೆ ಎಲ್ಲರೂ" ಎಂದಳು.

ಅವರ ಜೇಬಿನಿಂದ ಬಂದದ್ದು ಒಂದು ಸೀಸದ ಗುಂಡು. ಮೀನಿನ ಗಾಳ ಮುಳುಗಲೆಂದು ದಾರಕ್ಕೆ ಕಟ್ಟುವಂಥದ್ದು. ಅವರ ತಂದೆ ಕೊಟ್ಟದ್ದಂತೆ, ಅದೃಷ್ಟದ ಗುಂಡಂತೆ. ಪರಿಶೀಲನೆ ಹತ್ತಿರ ಬಂದಂತೆ ಭಯವಾಗಿ, ಮುಖ್ಯವಾದ ಅಳತೆಗೆ ಮುಂಚೆ ಗ್ಲೌಸು ಹಾಕಿದ ಕೈಯನ್ನೇ ನಿಲುವಂಗಿಯೊಳಗೆ ತೂರಿಸಿ ಅದನ್ನೊಮ್ಮೆ ಸವರಿಕೊಳ್ಳುತ್ತಿದ್ದರಂತೆ. ಆಮೇಲೆ ಅದೇ ಕೈಯಲ್ಲಿ ಬಾಟಲಿ. ಬೆರಳಚ್ಚು ತಾಳೆ ನೋಡಿದೆವು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನ್ನ ಮಾಂಗಲ್ಯ ತೆಗೆಸಿದವರು ನೆಲ ನೋಡುತ್ತಾ ನಿಂತಿದ್ದರು. ಪಾಪ ಎನಿಸಿತು. ನನ್ನ ಸಾಸಿವೆಯಷ್ಟು ಕುಂಕುಮಕ್ಕೂ ಅವರ ಗುಂಡಿಗೂ ಏನು ದೊಡ್ಡ ವ್ಯತ್ಯಾಸ?

ಗುಂಡು ಮನೆಗೆ ಹೋಯಿತು, ಖಾಲಿ ಬಾಟಲಿ ಸರಿಹೋಯಿತು, ಕೆಟ್ಟ ಅಳತೆಗಳನ್ನೆಲ್ಲ ಮತ್ತೆ ಮಾಡಿದೆವು. ಡಿಸೆಂಬರಿನಲ್ಲಿ ಇಬ್ಬರು ಪರಿಶೀಲಕರು ಬಂದರು. ಮುಚ್ಚಿಡುವುದು ಬೇಡವೆಂದು ಪ್ರೊಫೆಸರು ಇಡೀ ಪತ್ತೇದಾರಿಯನ್ನೇ ಪರದೆಯ ಮೇಲೆ ತೋರಿಸಿದರು. ಕಳ್ಳನನ್ನು ಹಿಡಿದ ರೀತಿ ಅವರಿಗೆ ಮೆಚ್ಚುಗೆಯಾದಂತೆ ಕಂಡಿತು.

"ಪಟ್ಟಿಯಲ್ಲಿ ಕೆಂಪು ಪುಡಿ ಅಂತಿದೆಯಲ್ಲ, ಅದೇನು?" ಒಬ್ಬರು ಕೇಳಿದರು.

"ಮನೆಯಲ್ಲಿ ಬಳಸುವಂಥದ್ದು. ನಿರಪರಾಧಿ" ಎಂದು ಪ್ರೊಫೆಸರು ಮುಂದಿನ ಪುಟಕ್ಕೆ ಹಾರಿದರು.

ಇನ್ನೊಬ್ಬರು, ಬಿಸಿಲಿಗೆ ಮೂಗು ಕೆಂಪಗಾಗಿದ್ದ ಹಿರಿಯರು, ಮುಂದಕ್ಕೆ ಬಾಗಿದರು. "ಸೀಸದ ಗುಂಡು ಯಾರದ್ದು?"

ಪ್ರೊಫೆಸರ ಮುಖ ಟೊಮೆಟೊ ಆಯಿತು. ಮುಖ್ಯಸ್ಥರೇ ಹೀಗೆ ಮಾಡಿದರು ಎಂದರೆ ಯೋಜನೆಯ ಗತಿ ಏನು? ನನ್ನ ಗತಿ ಏನು? ಅದಲ್ಲದೆ, ಈಗಷ್ಟೇ ನನ್ನನ್ನು ಕಾಪಾಡಿದ ಮನುಷ್ಯ. ಕೈ ತಾನಾಗಿ ಮೇಲೆದ್ದಿತು.

"ನನ್ನದು. ಮೀನು ಹಿಡಿಯೋದು ಅಂದರೆ ನನಗೆ ಪ್ರಾಣ."

ಮಡಿಯಮ್ಮನಿಗೆ ಕೆಮ್ಮು ಬಂತು. ಆ ಹಿರಿಯರ ಮುಖ ಅರಳಿತು. ಮೀನಿನ ಹುಚ್ಚಿನ ಇನ್ನೊಬ್ಬರನ್ನು ಕಂಡ ಸಂತೋಷ. "ಹೌದಾ! ಗಾಳಕ್ಕೆ ಏನು ಸಿಕ್ಕಿಸ್ತೀರಿ?"

ಹುಟ್ಟಿದಾಗಿನಿಂದ ನಾನು ಹಿಡಿದಿರುವ ಜೀವವೆಂದರೆ ಜಿರಳೆ ಒಂದೇ. ಬೆಳಗ್ಗೆ ಮನೆಯಲ್ಲಿ ಕಲಸಿಟ್ಟು ಬಂದದ್ದು ನೆನಪಾಯಿತು. "ಚಪಾತಿ ಹಿಟ್ಟು" ಎಂದೆ. "ಮೆತ್ತಗೆ ಕಲಸಿ, ಅರ್ಧ ಗಂಟೆ ನೆನೆಸಿಟ್ಟಿರಬೇಕು."

ಅವರು ಪೆನ್ನು ತೆಗೆದು ಬರೆದುಕೊಂಡರು. ಮೂರು ವರ್ಷದ ನಮ್ಮ ಕೆಲಸದ ಬಗ್ಗೆ ಆ ದಿನ ಅವರು ಬರೆದುಕೊಂಡದ್ದು ನಾನು ನೋಡಿದಂತೆ ಅದೊಂದೇ.

ಫೆಬ್ರುವರಿಯಲ್ಲಿ ಪತ್ರ ಬಂತು. ಪ್ರೊಫೆಸರು ನನ್ನನ್ನು ಕರೆದು ಲಕೋಟೆ ಒಡೆದರು. ಯೋಜನೆಗೆ ಇನ್ನೂ ಮೂರು ವರ್ಷ. ನಾನು ಕುರ್ಚಿಯಲ್ಲಿ ಕುಸಿದು ಅತ್ತೇಬಿಟ್ಟೆ. ಕಣ್ಣೊರೆಸಿಕೊಂಡು ನೋಡಿದರೆ ಅವರು ಇನ್ನೂ ಪತ್ರ ಓದುತ್ತಿದ್ದಾರೆ. ಸಹಿಯ ಕೆಳಗೆ ಪೆನ್ನಿನಲ್ಲಿ ಎರಡು ಸಾಲು: "ಚಪಾತಿ ಹಿಟ್ಟಿಗೆ ಮೊದಲ ದಿನವೇ ನಾಲ್ಕು ಮೀನು ಬಿದ್ದವು. ಹಿಟ್ಟಿಗೆ ಉಪ್ಪು ಹಾಕುತ್ತೀರೋ ಇಲ್ಲವೋ, ದಯವಿಟ್ಟು ತಿಳಿಸಿ."

ಪ್ರೊಫೆಸರು ಪತ್ರ ಮಡಿಸಿಟ್ಟರು. ಎದ್ದು ಹೋಗಿ ಬಾಗಿಲು ಭದ್ರವಾಗಿ ಹಾಕಿ ಬಂದರು. ಮೂವತ್ತು ವರ್ಷದಿಂದ ಗಾಳ ಹಿಡಿದುಕೊಂಡು ಬರಿಗೈಲಿ ಮನೆಗೆ ಹೋಗುತ್ತಿದ್ದ ಆ ಮಹಾನುಭಾವರು ದನಿ ತಗ್ಗಿಸಿ ಕೇಳಿದರು:

"ಹಾಕ್ತೀಯಾ?"